ಮೈಕ್ ಮುಂದೆ ಮಕ್ಕಳ ಕಾಲು ಯಾಕೆ ನಡುಗುತ್ತದೆ?

ಕಳೆದ ವರ್ಷ ಊರಿಂದ ಅಣ್ಣ ಫೋನ್ ಮಾಡಿದ್ದ. ಅವನ ಮಗಳಿಗೆ ಆಗ ಎಂಟು ವರ್ಷ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೆ ಹೆಸರು ಕೊಟ್ಟಿದ್ದಳು. ಹದಿನೈದು ದಿನ ಮನೆಯಲ್ಲಿ ಅದೇ ಪದ್ಯ. ಜಗಲಿಯಲ್ಲಿ, ಬಚ್ಚಲಲ್ಲಿ, ಕೊಟ್ಟಿಗೆಯಲ್ಲಿ. ದನಗಳಿಗೂ ಬಾಯಿಪಾಠ ಆಗಿರಬೇಕು ಅಂತ ಅತ್ತಿಗೆ ತಮಾಷೆ ಮಾಡುತ್ತಿದ್ದರು. ಸ್ಪರ್ಧೆಯ ದಿನ ಬೆಳಗ್ಗೆ ಎದ್ದವಳೇ ಹೊಟ್ಟೆನೋವು ಅಂದಳು. ತಿಂದ ದೋಸೆ ವಾಂತಿಯಾಯಿತು. ಹೇಗೋ ಸಮಾಧಾನ ಮಾಡಿ ಕರೆದುಕೊಂಡು ಹೋದರೆ, ವೇದಿಕೆ ಹತ್ತಿ, ತನ್ನ ಹೆಸರು ಹೇಳಿ, ತರಗತಿ ಹೇಳಿ, ಪದ್ಯದ ಮೊದಲ ಸಾಲು ಹೇಳಿ, ಅಲ್ಲಿಗೆ ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ.

"ಇವಳಿಗೆ ಸ್ವಲ್ಪ ಧೈರ್ಯ ಬರೋ ಹಾಗೆ ಏನ್ ಮಾಡೋದು ಮಾರಾಯ್ತಿ?" ಇದು ಅಣ್ಣನ ಪ್ರಶ್ನೆ. ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಮನೆಯವರ ಪಾಲಿಗೆ ಅರ್ಧ ಡಾಕ್ಟರು.

ನನಗೆ ಆ ಪ್ರಶ್ನೆಯ ಮೇಲೇ ತಕರಾರು. ಈ ಹುಡುಗಿಗೆ ಧೈರ್ಯ ಕಡಿಮೆಯೇನಿಲ್ಲ. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳವನ್ನು, ಅಂದರೆ ಜಿಗಣೆಯನ್ನು, ಬೆರಳಲ್ಲೇ ಕಿತ್ತು ಎಸೆಯುತ್ತಾಳೆ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಟಾರ್ಚ್ ಹಿಡಿದು ಒಬ್ಬಳೇ ಕೊಟ್ಟಿಗೆಗೆ ಹೋಗಿ ಬರುತ್ತಾಳೆ, ನನಗೆ ಈಗಲೂ ಆಗದ ಕೆಲಸ ಅದು. ಕೊರತೆ ಧೈರ್ಯದ್ದು ಅಂದುಕೊಂಡ ತಕ್ಷಣ ನಾವು ಮಾಡುವುದೇನು? ಧೈರ್ಯ ತುಂಬಲು ಹೊರಡುತ್ತೇವೆ. "ಹೆದರಬೇಡ, ಹೆದರಬೇಡ" ಅಂತ ಹತ್ತು ಸಲ ಹೇಳಿ, ಹೆದರುವಂಥದ್ದು ಏನೋ ಇದೆ ಅಂತ ಮಗುವಿಗೆ ಖಾತ್ರಿ ಮಾಡಿಸುತ್ತೇವೆ.

ಕನ್ನಡದಲ್ಲಿ ಇದಕ್ಕೆ ಇರುವ ಹೆಸರು ಒಳ್ಳೆಯದು: ಸಭಾಕಂಪನ. ಆ ಮಾತಿನಲ್ಲಿ ಹೆದರಿಕೆ ಇಲ್ಲ, ಪುಕ್ಕಲುತನ ಇಲ್ಲ. ಸಭೆ ಇದೆ, ನಡುಕ ಇದೆ, ಅಷ್ಟೇ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಮೈಯನ್ನು ನೋಡಿ ಹೆಸರಿಟ್ಟಿದ್ದಾರೆ. ನಾವೂ ಅಲ್ಲಿಂದಲೇ ಶುರು ಮಾಡೋಣ.

ಕಾಫಿ ತೋಟದ ದಾರಿಯಲ್ಲಿ ನಡೆದು ಹೋಗುವಾಗ ತಿರುವಿನಲ್ಲಿ ಕಾಡುಕೋಣ ಎದುರಾಯಿತು ಅಂದುಕೊಳ್ಳಿ. ಯೋಚನೆ ಮಾಡುವ ಮೊದಲೇ ಮೈ ಸಿದ್ಧವಾಗಿರುತ್ತದೆ. ಮಿದುಳಿನ ಒಳಗೆ ಬಾದಾಮಿ ಬೀಜದ ಆಕಾರದ ಒಂದು ಭಾಗವಿದೆ, ಅಮಿಗ್ಡಲ ಅಂತ. ಅಪಾಯದ ಸುಳಿವು ಸಿಕ್ಕರೆ ಕೂಗು ಹಾಕುವುದು ಅದರ ಕೆಲಸ. ಆ ಕೂಗು ನರಗಳ ಮೂಲಕ ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಮುಟ್ಟುತ್ತದೆ. ಕೆಲವೇ ಸೆಕೆಂಡಿನಲ್ಲಿ ರಕ್ತಕ್ಕೆ ಅಡ್ರಿನಲಿನ್ ಅನ್ನುವ ರಸ ಸೇರುತ್ತದೆ. ಎದೆ ಡವಡವ ಬಡಿಯುತ್ತದೆ. ಓಡಲು ಬೇಕಾದ ದೊಡ್ಡ ಸ್ನಾಯುಗಳಿಗೆ ರಕ್ತ ಜಾಸ್ತಿ ಹೋಗುತ್ತದೆ, ಚರ್ಮಕ್ಕೆ ಕಡಿಮೆ. ಅದಕ್ಕೇ ಅಂಗೈ ತಣ್ಣಗೆ. ಹೊಟ್ಟೆ ಅರಗಿಸುವ ಕೆಲಸವನ್ನು ಸದ್ಯಕ್ಕೆ ಬದಿಗಿಡುತ್ತದೆ. ಅದಕ್ಕೇ ತೊಳಸುವುದು, ವಾಂತಿ. ಜೊಲ್ಲು ನಿಲ್ಲುತ್ತದೆ, ಬಾಯಿಯ ಪಸೆ ಆರಿ ನಾಲಿಗೆ ಅಂಟುತ್ತದೆ. ಓಡಲೆಂದು ಬಿಗಿದ ಕಾಲು ಓಡದೆ ನಿಂತರೆ ನಡುಗದೆ ಇನ್ನೇನು ಮಾಡೀತು? ಉಸಿರು ಎದೆಯ ಮೇಲ್ಭಾಗದಲ್ಲೇ ಸಣ್ಣ ಸಣ್ಣಗೆ ಆಡುತ್ತದೆ, ಗಂಟಲಿನ ಸ್ನಾಯು ಬಿಗಿಯುತ್ತದೆ, ಧ್ವನಿ ಕೀರಲಾಗುತ್ತದೆ.

ಹೋರಾಡು ಇಲ್ಲವೇ ಓಡು ಅನ್ನುವ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೆ ವಿವರಿಸಿದರು. ನೂರು ವರ್ಷದ ಹಳೆಯ ವಿಷಯ. ಕಾಡುಕೋಣದ ಎದುರು ಇದೆಲ್ಲ ಸರಿಯಾದ ವ್ಯವಸ್ಥೆ. ತೊಂದರೆ ಏನೆಂದರೆ ಮೈಕ್ ಎದುರೂ ಇದೇ ವ್ಯವಸ್ಥೆ ಓಡಿ ಬರುತ್ತದೆ. ಅಲ್ಲಿ ಓಡುವ ಹಾಗಿಲ್ಲ, ಹೋರಾಡುವ ಹಾಗಿಲ್ಲ. ನೆಟ್ಟಗೆ ನಿಂತು "ಮಾನ್ಯ ಅಧ್ಯಕ್ಷರೇ" ಅನ್ನಬೇಕು.

ಇದರ ಹಿಂದೆ ನಿಧಾನವಾಗಿ ಬರುವ ಇನ್ನೊಂದು ರಸ ಇದೆ, ಕಾರ್ಟಿಸಾಲ್. ಅದು ಏರಿ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು. ಅಷ್ಟರಲ್ಲಿ ಮಗು ವೇದಿಕೆಯಿಂದ ಇಳಿದು ಮೂಲೆಯಲ್ಲಿ ಕೂತಿರುತ್ತದೆ. "ಮುಗೀತಲ್ಲ, ಇನ್ಯಾಕೆ ಅಳು?" ಅಂತ ನಾವು ಕೇಳುತ್ತೇವೆ. ಅದರ ಮೈಗೆ ಇನ್ನೂ ಮುಗಿದಿರುವುದಿಲ್ಲ.

ಬಾಯಿ ಒಣಗುವ ವಿಷಯಕ್ಕೆ ಒಂದು ಹಳೆಯ ಕಥೆ ಸೇರಿಸಿಬಿಡುತ್ತೇನೆ. ಸ್ಮೃತಿಗಳ ಕಾಲದ ನ್ಯಾಯದಲ್ಲಿ ತಂಡುಲ ದಿವ್ಯ ಅಂತ ಒಂದು ಪರೀಕ್ಷೆ ಇತ್ತು. ಆರೋಪ ಹೊತ್ತವನಿಗೆ ಅಕ್ಕಿ ಅಗಿದು ಎಲೆಯ ಮೇಲೆ ಉಗುಳಲು ಹೇಳುವುದು, ರಕ್ತ ಕಂಡರೆ ತಪ್ಪಿತಸ್ಥ ಅನ್ನುವುದು. ಹೆದರಿದವನ ಬಾಯಲ್ಲಿ ಜೊಲ್ಲು ಎಲ್ಲಿರುತ್ತದೆ? ಒಣ ಬಾಯಲ್ಲಿ ಒಣ ಅಕ್ಕಿ ಅಗಿದರೆ ವಸಡು ಗೀರದೆ ಇರುತ್ತದೆಯೇ? ತಪ್ಪು ಮಾಡದವನೂ ಹತ್ತು ಜನರ ಮುಂದೆ ಹೆದರುತ್ತಾನೆ ಅನ್ನುವುದು ಆ ನ್ಯಾಯಕ್ಕೆ ಹೊಳೆದಿರಲಿಲ್ಲ. ಬಹಳಷ್ಟು ಸ್ಪರ್ಧೆಗಳ ತೀರ್ಪುಗಾರರಿಗೆ ಇವತ್ತಿಗೂ ಹೊಳೆದಿಲ್ಲ, ನಡುಗಿದ ಮಗುವಿಗೆ "ತಯಾರಿ ಸಾಲದು" ಅಂತ ಬರೆದುಬಿಡುತ್ತಾರೆ.

ಸರಿ, ಆದರೆ ಎದುರಿಗೆ ಕೂತವರು ಕಾಡುಕೋಣಗಳಲ್ಲವಲ್ಲ. ಅಪ್ಪ, ಅಮ್ಮ, ಪಕ್ಕದ ಮನೆ ದೊಡ್ಡಮ್ಮ. ಅವರನ್ನು ಕಂಡು ಮೈ ಯಾಕೆ ಹೀಗಾಡುತ್ತದೆ?

ಮನುಷ್ಯ ಗುಂಪಿನಲ್ಲಿ ಬದುಕುವ ಪ್ರಾಣಿ. ಗುಂಪು ಹೊರಹಾಕಿದರೆ ಒಂದು ಕಾಲದಲ್ಲಿ ಬದುಕೇ ಇರಲಿಲ್ಲ. ಹಾಗಾಗಿ ಬಹಳ ಕಣ್ಣುಗಳು ಒಟ್ಟಿಗೆ ನಮ್ಮ ಮೇಲೆ ಬಿದ್ದರೆ ಮಿದುಳು ಅದನ್ನು ಸಣ್ಣ ವಿಷಯವೆಂದು ಬಿಡುವುದಿಲ್ಲ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆ ಕಟ್ಟಿದರು. ಜನರಿಗೆ ಒತ್ತಡ ಹುಟ್ಟಿಸಿ ಅಳೆಯಬೇಕು, ಅದಕ್ಕೆ ಏನು ಮಾಡುವುದು? ಶಾಕ್ ಕೊಡಲಿಲ್ಲ, ಹಾವು ತೋರಿಸಲಿಲ್ಲ. ಒಂದು ಕೆಲಸಕ್ಕೆ ತಾನೇ ತಕ್ಕವನು ಅಂತ ಐದು ನಿಮಿಷ ಭಾಷಣ ಮಾಡಿಸಿದರು, ಆಮೇಲೆ ಐದು ನಿಮಿಷ 1022ರಿಂದ ಹದಿಮೂರು ಹದಿಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. ಎದುರಿಗೆ ಕೂತವರು ನಗಬಾರದು, ತಲೆಯಾಡಿಸಬಾರದು, ಸುಮ್ನೆ ನೋಡುತ್ತಿರಬೇಕು. ಅಷ್ಟಕ್ಕೇ ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎರಡರಿಂದ ನಾಲ್ಕು ಪಟ್ಟು ಏರಿತು. ಈಗ ಪ್ರಪಂಚದಲ್ಲಿ ಒತ್ತಡದ ಬಗ್ಗೆ ಸಂಶೋಧನೆ ಮಾಡುವ ಬಹಳ ಮಂದಿ ಇದನ್ನು ಬಳಸುತ್ತಾರೆ. ಮಕ್ಕಳಿಗೆ ಭಾಷಣದ ಬದಲು ಅರ್ಧ ಕಥೆ ಹೇಳಿ ಮುಂದಿನದನ್ನು ಮುಗಿಸಲು ಹೇಳುತ್ತಾರೆ. ವಿಜ್ಞಾನಿಗಳು ಹುಡುಕಿ ಹುಡುಕಿ ಕಂಡುಕೊಂಡ ಪಕ್ಕಾ ಒತ್ತಡದ ಯಂತ್ರ ನಮ್ಮ ಆಶುಭಾಷಣ ಸ್ಪರ್ಧೆಯೇ ಅಂತಾಯಿತು, ಅಲ್ವಾ?

2004ರಲ್ಲಿ ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಕೆಲಸ ಕಷ್ಟವಿದೆ ಅನ್ನುವುದಷ್ಟೇ ಕಾರ್ಟಿಸಾಲ್ ಅನ್ನು ಹೆಚ್ಚು ಏರಿಸುವುದಿಲ್ಲ. ಇತರರು ನನ್ನನ್ನು ಅಳೆಯುತ್ತಿದ್ದಾರೆ ಅನ್ನುವುದು ಒಂದು, ನಡೆಯುತ್ತಿರುವುದು ನನ್ನ ಕೈಯಲ್ಲಿಲ್ಲ ಅನ್ನುವುದು ಇನ್ನೊಂದು. ಈ ಎರಡೂ ಸೇರಿದಾಗ ಏರಿಕೆ ಎಲ್ಲಕ್ಕಿಂತ ಜೋರು. ಈ ಎರಡು ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ಮರೆವು. ದನಕ್ಕೂ ಬಾಯಿಪಾಠವಾದ ಪದ್ಯ ಹುಡುಗಿಗೆ ಹೇಗೆ ಮರೆಯಿತು?

ಮಲೆನಾಡಿನಲ್ಲಿ ಬೆಳೆದವರಿಗೆ ಕಾಲುಸಂಕ ಗೊತ್ತಿರುತ್ತದೆ. ಹಳ್ಳದ ಮೇಲೆ ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದು ಬಿದಿರು, ಅದೂ ಇದ್ದರೆ ಇತ್ತು. ಶಾಲೆಗೆ ಹೋಗುವ ಮಕ್ಕಳು ಚೀಲ ಬೀಸಿಕೊಂಡು ಹರಟುತ್ತ ದಾಟುತ್ತಾರೆ. ಕಾಲಿಗೆ ದಾರಿ ಗೊತ್ತಿದೆ. ಪೇಟೆಯಿಂದ ಬಂದ ನೆಂಟರು ದಡದಲ್ಲಿ ನಿಂತು "ಅಯ್ಯೋ ಜೋಪಾನ, ಕಾಲು ನೋಡ್ಕೊಂಡು ಇಡು" ಅಂತ ಕೂಗಲಿ, ಅದೇ ಮಗುವಿನ ಕಾಲು ತಡವರಿಸುತ್ತದೆ. ಪಳಗಿದ ಕೆಲಸ ತಾನಾಗಿ ನಡೆಯುತ್ತಿರುವಾಗ ಬುದ್ಧಿ ಮಧ್ಯೆ ಬಂದು ಹೆಜ್ಜೆ ಹೆಜ್ಜೆಗೂ ಲೆಕ್ಕ ಕೇಳಿದರೆ ಹೀಗಾಗುತ್ತದೆ. ಬಾಯಿಪಾಠದ ಪದ್ಯವೂ ಒಂದು ಸಂಕ. ಒಂದು ಸಾಲಿನ ಬಾಲ ಹಿಡಿದು ಇನ್ನೊಂದು ಸಾಲು ಬರುತ್ತದೆ. ನಡುವೆ ನಿಂತು "ಮುಂದೇನು?" ಅಂದರೆ ಹಿಡಿಯಲು ಬಾಲವಿಲ್ಲ.

ಅದರ ಜೊತೆಗೆ ಇನ್ನೊಂದು ಕಾರಣ ಇದೆ. ಆ ಕ್ಷಣಕ್ಕೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳಲು ಮಿದುಳಿನಲ್ಲಿ ಇರುವ ಜಾಗ ತುಂಬಾ ಚಿಕ್ಕದು, ಅಡುಗೆಮನೆಯ ಒಲೆಕಟ್ಟೆಯ ಹಾಗೆ. ಅಲ್ಲಿ "ಅಪ್ಪ ನೋಡ್ತಿದ್ದಾರೆ", "ನನ್ನ ಲಂಗದ ಜಿಪ್ ಸರಿ ಇದೆಯಾ", "ಮೊದಲನೇ ಬೆಂಚಿನವನು ನಕ್ಕ" ಅನ್ನುವ ಪಾತ್ರೆಗಳೇ ತುಂಬಿಕೊಂಡರೆ ಪದ್ಯ ಇಡಲು ಜಾಗ ಎಲ್ಲಿ? ಪದ್ಯ ಮರೆತಿರುವುದಿಲ್ಲ. ಮನೆಗೆ ಬರುವ ದಾರಿಯಲ್ಲಿ, ಬಸ್ಸಿನ ಕಿಟಕಿ ಪಕ್ಕ, ಪೂರ್ತಿ ನೆನಪಾಗುತ್ತದೆ. ನಮ್ಮ ಹುಡುಗಿ ಆವತ್ತು ಕಾರಿನಲ್ಲಿ ಇಡೀ ಪದ್ಯ ಹೇಳಿದಳಂತೆ, ಅಳುತ್ತ ಅಳುತ್ತ.

ಹಾಗಾದರೆ ಜನ ಇರುವುದೇ ಕೆಟ್ಟದ್ದಾ? ಅಲ್ಲ. ಕೆಲವು ಮಕ್ಕಳು ಮನೆಯಲ್ಲಿ ಹಾಡುವುದಕ್ಕಿಂತ ಸಭೆಯಲ್ಲಿ ಚೆನ್ನಾಗಿ ಹಾಡುತ್ತಾರೆ. 1965ರಲ್ಲಿ ರಾಬರ್ಟ್ ಝಾಯೊಂಟ್ಸ್ ಅನ್ನುವ ಮನಃಶಾಸ್ತ್ರಜ್ಞ ಇದಕ್ಕೊಂದು ವಿವರಣೆ ಕೊಟ್ಟರು: ಜನರ ಎದುರು ಪಳಗಿದ ಕೆಲಸ ಇನ್ನೂ ಚೆನ್ನಾಗುತ್ತದೆ, ಅರೆಬರೆ ಕಲಿತದ್ದು ಇನ್ನೂ ಕೆಡುತ್ತದೆ. ಇದನ್ನು ತೋರಿಸಲು ಅವರು ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ನಗೆ ಎಬ್ಬಿಸುತ್ತದೆ. ಜಿರಳೆಗಳನ್ನು ಓಡಿಸಿದರು. ಪಕ್ಕದಲ್ಲಿ ಪಾರದರ್ಶಕ ಗೋಡೆಯ ಆಚೆ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ನೇರ ದಾರಿಯಲ್ಲಿ ಓಡುವ ಜಿರಳೆ ಪ್ರೇಕ್ಷಕರಿದ್ದಾಗ ಜೋರಾಗಿ ಓಡಿತು. ತಿರುವು ಇರುವ ದಾರಿಯಲ್ಲಿ ಪ್ರೇಕ್ಷಕರಿದ್ದಾಗ ತಡವರಿಸಿತು. ಸಭಾಕಂಪನ ಜಿರಳೆಗೂ ಬಿಟ್ಟಿಲ್ಲ ಅಂದಮೇಲೆ ನಮ್ಮ ಮಕ್ಕಳನ್ನು ಪುಕ್ಕಲು ಅನ್ನುವುದು ಅನ್ಯಾಯ.

ಇಲ್ಲೊಂದು ಕೆಲಸಕ್ಕೆ ಬರುವ ಮಾತಿದೆ. ಮನೆಯಲ್ಲಿ ಒಂದು ಸಲ ತಪ್ಪಿಲ್ಲದೆ ಹೇಳಿದರೆ "ಬಂತು" ಅಂತ ನಾವು ನಿಲ್ಲಿಸುತ್ತೇವೆ. ಅದು ಬಂದದ್ದಲ್ಲ, ಬರಲು ಶುರುವಾದದ್ದು. ಅಲ್ಲಿಂದ ಮುಂದೆ ಇನ್ನೂ ಹತ್ತಾರು ಸಲ, ಬೇಕೆಂದೇ ಎಡವಿ ಎದ್ದು ಅಭ್ಯಾಸ ಮಾಡಬೇಕು. ಮೂರನೇ ನುಡಿಯಿಂದ ಶುರು ಮಾಡು, ಕೊನೆಯ ನುಡಿಯಿಂದ ಶುರು ಮಾಡು, ನಾನು ನಡುವೆ ಕೆಮ್ಮುತ್ತೇನೆ, ನಿಲ್ಲಿಸದೆ ಹೇಳು. ಸಂಕದ ನಡುವೆ ಅಲ್ಲಲ್ಲಿ ಹಿಡಿಯಲು ಕಂಬ ನೆಟ್ಟ ಹಾಗೆ.

ಇನ್ನೊಂದು ದೂರು ತಾಯಂದಿರಿಂದ ಬಹಳ ಕೇಳುತ್ತೇನೆ. "ಮೂರು ವರ್ಷದವಳಿದ್ದಾಗ ಮದುವೆಮನೆಯಲ್ಲಿ ಯಾರು ಹೇಳಿದ್ರೂ ಕುಣೀತಿದ್ಲು, ಈಗ ಕರೆದ್ರೂ ಬರಲ್ಲ, ದೃಷ್ಟಿ ತಾಗಿದೆ." ದೃಷ್ಟಿ ತಾಗಿದ್ದು ಒಂದರ್ಥದಲ್ಲಿ ನಿಜವೇ! ಮಕ್ಕಳಿಗೆ ಕನ್ನಡಿಯಲ್ಲಿ ಕಾಣುವುದು ನಾನೇ ಅಂತ ತಿಳಿಯುವುದು ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ. ನಾಲ್ಕೈದು ವರ್ಷಕ್ಕೆ ಬೇರೆಯವರ ತಲೆಯಲ್ಲಿ ಬೇರೆ ಯೋಚನೆ ಇರುತ್ತದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಏಳೆಂಟಕ್ಕೆ ತನ್ನನ್ನು ಇನ್ನೊಬ್ಬರ ಜೊತೆ ಹೋಲಿಸಿಕೊಳ್ಳುವುದು ಶುರು. ಹದಿಹರೆಯದಲ್ಲಂತೂ ಊರೆಲ್ಲ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತದೆ, ಈ ಇಲ್ಲದ ಸಭೆಗೆ ಡೇವಿಡ್ ಎಲ್ಕೈಂಡ್ ಅನ್ನುವವರು 1967ರಲ್ಲೇ 'ಕಾಲ್ಪನಿಕ ಪ್ರೇಕ್ಷಕರು' ಅಂತ ಹೆಸರಿಟ್ಟರು. ಅಂದರೆ ಮೂರು ವರ್ಷದಲ್ಲಿ ಕುಣಿದವಳಿಗೆ ಧೈರ್ಯ ಇತ್ತು ಅಂತಲ್ಲ, ನೋಡುವವರಿಗೂ ಒಂದು ಅಭಿಪ್ರಾಯ ಇರುತ್ತದೆ ಅಂತ ಇನ್ನೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಬುದ್ಧಿ ಬೆಳೆದಿದೆ.

ಹುಟ್ಟು ಸ್ವಭಾವವೂ ಸ್ವಲ್ಪ ಇರುತ್ತದೆ. ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳನ್ನು ನೋಡಿದಾಗ, ಐದರಲ್ಲಿ ಒಂದು ಕೂಸು ಹೊಸ ಸದ್ದಿಗೆ, ಹೊಸ ಆಟಿಕೆಗೆ ಕೈಕಾಲು ಬಡಿದು ಅಳುತ್ತಿತ್ತು. ಅಂಥವರಲ್ಲಿ ಮುಂದೆ ಸಂಕೋಚದವರು ಜಾಸ್ತಿ. ಆದರೆ ಎಲ್ಲರೂ ಅಲ್ಲ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಷ್ಟೆಲ್ಲ ಪಾಠ ಮಾಡುವವಳಿಗೆ ಎಲ್ಲಿಂದ ಬಂತು ಅಂತ ತಿಳಿಯಲಿ. ಐದನೇ ಕ್ಲಾಸು, ಆಗಸ್ಟ್ 15. ಮಳೆ ಎಂದರೆ ಮಳೆ, ಕಾರ್ಯಕ್ರಮ ಶಾಲೆಯ ಜಗಲಿಯಲ್ಲಿ. "ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಗುರುಹಿರಿಯರೇ" ಅಂದೆ. ಮುಂದೆ ಬರಲಿಲ್ಲ. ಮತ್ತೆ "ಮಾನ್ಯ ಅಧ್ಯಕ್ಷರೇ" ಅಂದೆ. ಮೂರನೇ ಸಲ ಅಧ್ಯಕ್ಷರನ್ನು ಕರೆದಾಗ ಅಧ್ಯಕ್ಷರೇ ನಕ್ಕರು. ಒಬ್ಬ ಮೇಷ್ಟ್ರು ಮೈಕ್ ಕಿತ್ತುಕೊಂಡು, "ಅಧ್ಯಕ್ಷರು ಬಂದಾಗಿದೆ, ಇನ್ನು ನೀನು ಹೋಗಮ್ಮ" ಅಂದರು. ಇಡೀ ಜಗಲಿ ನಕ್ಕಿತು. ಹಂಚಿನಿಂದ ಸುರಿಯುತ್ತಿದ್ದ ನೀರಿನ ಸದ್ದಿಗಿಂತ ಜೋರಾಗಿ.

ಆಮೇಲೆ ನಡೆದದ್ದು ಮುಖ್ಯ. ಮುಂದಿನ ವರ್ಷ ಹೆಸರು ಕೂಗಿದಾಗ ನನಗೆ ಜ್ವರ ಬಂತು. ನಿಜವಾದ ಜ್ವರವೋ ಸುಳ್ಳೋ ನನಗೇ ಗೊತ್ತಿಲ್ಲ. ಅಮ್ಮ "ಇವತ್ತು ಹೋಗೋದು ಬೇಡ" ಅಂದ ಕ್ಷಣ ಎಷ್ಟು ಹಾಯೆನಿಸಿತೆಂದರೆ, ಆ ಹಾಯಿಯೇ ನನಗೆ ಪಾಠ ಕಲಿಸಿತು: ತಪ್ಪಿಸಿಕೊಂಡರೆ ಸುಖ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಭಯಕ್ಕೆ ಗೊಬ್ಬರ ಬೀಳುತ್ತದೆ. ಹೋಗಿ ನಿಂತಿದ್ದರೆ ಅಷ್ಟೇನೂ ಆಗುತ್ತಿರಲಿಲ್ಲ ಅಂತ ಮಿದುಳಿಗೆ ಗೊತ್ತಾಗುವ ಅವಕಾಶವೇ ಇಲ್ಲ. ಪಿಯುಸಿ ಮುಗಿಯುವವರೆಗೆ ನಾನು ವೇದಿಕೆ ಹತ್ತಲಿಲ್ಲ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅನ್ನುತ್ತಾರಲ್ಲ, ಅದರ ಎರಡನೇ ಅರ್ಧ ನಾನು.

ಹಾಗೆಂದು ಅಳುವ ಮಗುವನ್ನು ಎಳೆದುಕೊಂಡು ಹೋಗಿ ಸಾವಿರ ಜನರ ಮುಂದೆ ನಿಲ್ಲಿಸಿದರೆ ಭಯ ಹೋಗುತ್ತದಾ? ಇಲ್ಲ. ಅದು ಈಜು ಕಲಿಸಲು ಮಳೆಗಾಲದ ತುಂಗೆಗೆ ತಳ್ಳಿದ ಹಾಗೆ. ಬೇಕಾದದ್ದು ಮೆಟ್ಟಿಲು. ಸಣ್ಣ ಸಭೆ, ಸ್ವಲ್ಪ ದೊಡ್ಡ ಸಭೆ, ಇನ್ನೂ ಸ್ವಲ್ಪ ದೊಡ್ಡದು. ಪ್ರತಿ ಮೆಟ್ಟಿಲಲ್ಲೂ ಎದೆಬಡಿತ ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಆತಂಕದ ಚಿಕಿತ್ಸೆ ಮಾಡುವವರು ಹೇಳುವುದೂ ಇದನ್ನೇ. ನನಗೆ ಆಶ್ಚರ್ಯವಾಗುವುದು, ಈ ಮೆಟ್ಟಿಲನ್ನು ನಮ್ಮ ಸೀಮೆಯವರು ಯಾವ ಪುಸ್ತಕವನ್ನೂ ಓದದೆ ಕಟ್ಟಿಟ್ಟಿದ್ದರು ಅನ್ನುವುದು.

ಯಕ್ಷಗಾನದ ಹಳೆಯ ಕ್ರಮ ನೋಡಿ. ಬಡಗುತಿಟ್ಟಿನ ಮೇಳದಲ್ಲಿ ಹೊಸ ಹುಡುಗ ಬಂದರೆ ಅವನಿಗೆ ಅರ್ಜುನನ ವೇಷ ಕೊಡುವುದಿಲ್ಲ. ಮೊದಲು ಕೋಡಂಗಿ. (ಕೋಡಂಗಿ ಅನ್ನುವುದನ್ನು ನಾವು ಬೈಗುಳ ಮಾಡಿಟ್ಟಿದ್ದೇವೆ, ಪಾಪ.) ಪ್ರಸಂಗ ಶುರುವಾಗುವ ಮೊದಲು, ಪೂರ್ವರಂಗದಲ್ಲಿ, ಕೋಡಂಗಿ ಕುಣಿಯುತ್ತಾನೆ. ಮಾತಿಲ್ಲ. ಬಣ್ಣವೂ ಅಷ್ಟಕ್ಕಷ್ಟೆ. ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಹೀಗೆ ವರ್ಷಗಟ್ಟಲೆ ಮೇಲೇರಬೇಕು. ಕೋಡಂಗಿ ಕುಣಿಯುವ ಹೊತ್ತಿನಲ್ಲಿ ಸಭೆ ಹೇಗಿರುತ್ತದೆ? ಜನ ಇನ್ನೂ ಊಟ ಮುಗಿಸಿ ಟಾರ್ಚ್ ಹಿಡಿದು ಬರುತ್ತಿರುತ್ತಾರೆ, ಯಾರೋ ಚಾಪೆ ಹಾಸುತ್ತಿರುತ್ತಾರೆ, ಮಕ್ಕಳು ಮಂಡಕ್ಕಿಗೆ ಹಟ ಮಾಡುತ್ತಿರುತ್ತವೆ. ಯಾರೂ ಅಳೆಯುತ್ತಿಲ್ಲ! ಕಣ್ಣಿದೆ, ತೀರ್ಪಿಲ್ಲ. ಹೆಜ್ಜೆ ತಪ್ಪಿದರೆ ಹಿಂದಿರುವ ಭಾಗವತರು, ಚೆಂಡೆ, ಮದ್ದಳೆಯವರು ಎತ್ತಿ ನಿಲ್ಲಿಸುತ್ತಾರೆ. ದೊಡ್ಡ ವೇಷಗಳಿಗೂ ಮೊದಲ ಪ್ರವೇಶದಲ್ಲಿ ಇಬ್ಬರು ತೆರೆ ಹಿಡಿಯುತ್ತಾರೆ, ಅದರ ಹಿಂದೆ ನಿಂತು ಕುಣಿದು, ಮೈ ಬಿಸಿಯಾದ ಮೇಲೆ ಸಭೆಗೆ ಮುಖ ತೋರಿಸುವುದು. ಅದನ್ನು ಸಭಾಕಂಪನಕ್ಕೆಂದೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಅದು ಮದ್ದಾಗಿದೆ. ಈಗ ಕಾಲಮಿತಿ ಆಟಗಳು ಬಂದು ಪೂರ್ವರಂಗಕ್ಕೇ ಕತ್ತರಿ ಬಿದ್ದಿದೆ, ಆಟ ಬೇಗ ಮುಗಿಯುತ್ತದೆ ಅಂತ ಎಲ್ಲರಿಗೂ ಖುಷಿ. ಹೊಸ ಹುಡುಗರು ಎಲ್ಲಿ ಹೆಜ್ಜೆ ತಪ್ಪಬೇಕು ಅಂತ ಮಾತ್ರ ಯಾರೂ ಕೇಳುತ್ತಿಲ್ಲ.

ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳು ಕಾವ್ಯವನ್ನು ಎದುರಿಗೆ ಇಟ್ಟುಕೊಂಡು ಓದುತ್ತಾರೆ. ಒಬ್ಬರು ಓದಿ ನಿಲ್ಲಿಸಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ, ಅಷ್ಟು ಹೊತ್ತು ಓದಿದವರಿಗೆ ಉಸಿರು. ಪುಸ್ತಕ ನೋಡಿದ್ದಕ್ಕೆ ಅವರ ವಿದ್ಯೆ ಕಡಿಮೆಯಾಯಿತು ಅಂತ ಯಾರೂ ಅನ್ನುವುದಿಲ್ಲ. ಹಾಗಿದ್ದಮೇಲೆ ಮೂರನೇ ಕ್ಲಾಸಿನ ಮಗುವಿನ ಕೈಯಿಂದ ಚೀಟಿ ಯಾಕೆ ಕಿತ್ತುಕೊಳ್ಳಬೇಕು? ಕಂಠಪಾಠ ಸ್ಪರ್ಧೆಗೆ ಬೇಡ, ಸರಿ. ಭಾಷಣಕ್ಕೆ ಚೀಟಿ ಇರಲಿ ಬಿಡಿ. ನೋಡದೆ ಹೋದರೂ, ಜೇಬಿನಲ್ಲಿ ಇದೆ ಅನ್ನುವುದೇ ಸಾಕು. ಆಗಲೇ ಹೇಳಿದ ಎರಡು ಮಾತಿನಲ್ಲಿ ಎರಡನೆಯದು, ನನ್ನ ಕೈಯಲ್ಲಿಲ್ಲ ಅನ್ನುವ ಭಾವ, ಆ ಚೀಟಿಯಿಂದ ಅರ್ಧ ಕರಗುತ್ತದೆ.

ಅಣ್ಣನಿಗೆ ನಾನು ಹೇಳಿದ ಮೊದಲ ಮೆಟ್ಟಿಲು ಅಡಿಕೆ ಸುಲಿಯುವ ರಾತ್ರಿಗಳು. ಕೊಯ್ಲಿನ ಸಮಯದಲ್ಲಿ ಅಂಗಳದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ. ಅವರಿಗಿಂತ ಒಳ್ಳೆಯ ಸಭೆ ಇಲ್ಲ. ಕಿವಿ ನಿಮ್ಮ ಕಡೆ, ಕಣ್ಣು ಕತ್ತಿಯ ಕಡೆ. ಕಣ್ಣೆತ್ತಿದರೆ ಬೆರಳು ಹೋಗುತ್ತದೆ! ಹುಡುಗಿ ಮೊದಲ ದಿನ ಒಳಗಿನ ಕೋಣೆಯಿಂದಲೇ ಪದ್ಯ ಹೇಳಿದಳು. ಎರಡು ದಿನ ಬಿಟ್ಟು ಬಾಗಿಲ ಹತ್ತಿರದಿಂದ. ಆಮೇಲೆ ಅಡಿಕೆ ರಾಶಿಯ ಪಕ್ಕ ಕೂತು, ತಾನೂ ಒಂದೆರಡು ಗೋಟು ಆರಿಸುತ್ತ. ಕೈಗೆ ಕೆಲಸವಿದ್ದರೆ ನಡುಕಕ್ಕೆ ಪುರುಸೊತ್ತಿಲ್ಲ. ಸುಲಿಯಲು ಬರುತ್ತಿದ್ದ ಹಿರಿಯರೊಬ್ಬರು "ಇನ್ನೊಂದ್ ಸಲ ಹೇಳೇ ಕೂಸೇ, ನಿದ್ದೆ ಬರ್ತಿದೆ" ಅಂದರಂತೆ. ಆ ವರ್ಷದ ಅತಿ ದೊಡ್ಡ ಬಹುಮಾನ ಅದು ಅಂತ ನನ್ನ ಲೆಕ್ಕ.

ಪೇಟೆಯಲ್ಲಿರುವವರಿಗೆ ಅಡಿಕೆ ರಾಶಿ ಎಲ್ಲಿಂದ ಬರಬೇಕು ಅಂತ ಕೇಳಬೇಡಿ. ಚಪಾತಿ ಲಟ್ಟಿಸುವ ಅಮ್ಮ, ಬಟ್ಟೆ ಮಡಚುವ ಅಜ್ಜಿ, ಅಪಾರ್ಟ್‌ಮೆಂಟಿನ ಗಣಪತಿ ಮುಂದೆ ಪ್ರಸಾದಕ್ಕೆ ಕಾಯುವ ನಾಲ್ಕು ಮಕ್ಕಳು, ಇವರೂ ಸಭೆಯೇ. ಗುಂಪಿನ ಹಾಡು, ನಾಟಕದಲ್ಲಿ ಮರದ ಪಾತ್ರ, ಅದೂ ಮೆಟ್ಟಿಲೇ. 1949ರಲ್ಲೇ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಕಟ್ಟಿದ ಜಿಲ್ಲೆ ಇದು. ನಮ್ಮಲ್ಲಿ ರಂಗಕ್ಕೆ ಬರಗಾಲವಿಲ್ಲ, ಸಣ್ಣ ರಂಗಕ್ಕೆ ಮಾತ್ರ ಬೆಲೆಯಿಲ್ಲ.

ವೇದಿಕೆ ಹತ್ತುವ ಗಳಿಗೆಗೆ ಏನಾದರೂ ಇದೆಯಾ ಅಂದರೆ, ಇದೆ. ಮೊದಲನೆಯದು ಉಸಿರು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ನಿಧಾನವಾಗಿ ಹೊರಹೋಗುವಾಗ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ. ಮಕ್ಕಳಿಗೆ ಎಣಿಕೆ ಬೇಡ, ಒಲೆ ಊದುವ ಹಾಗೆ ಊದು ಅಂದರೆ ಸಾಕು. ಎರಡನೆಯದು ಸ್ವಲ್ಪ ತಮಾಷೆಯದು. 2014ರಲ್ಲಿ ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ ಒಂದು ಪ್ರಯೋಗ ಮಾಡಿದರು. ಅಪರಿಚಿತರ ಮುಂದೆ ಹಾಡುವ ಮೊದಲು ಕೆಲವರಿಂದ "ನನಗೆ ಆತಂಕವಾಗಿದೆ" ಅಂತ, ಕೆಲವರಿಂದ "ನನಗೆ ಹುರುಪು ಬಂದಿದೆ" ಅಂತ ಹೇಳಿಸಿದರು. ಹುರುಪು ಅಂದವರು ಚೆನ್ನಾಗಿ ಹಾಡಿದರು. ಎದೆ ಡವಡವ ಅನ್ನುವುದು ಎರಡಕ್ಕೂ ಒಂದೇ, ಜಾತ್ರೆಯ ತೊಟ್ಟಿಲು ಹತ್ತುವಾಗಲೂ ಅದೇ ಡವಡವ. ಅದನ್ನು ಶಾಂತ ಮಾಡುವುದಕ್ಕಿಂತ ಅದರ ಹೆಸರು ಬದಲಿಸುವುದು ಸುಲಭ. ಆ ಪ್ರಯೋಗ ದೊಡ್ಡವರ ಮೇಲೆ ನಡೆದದ್ದು, ಆದರೆ ಮಕ್ಕಳಿಗೆ ಹೇಳಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಮೂರನೆಯದು ನನ್ನ ಮೆಚ್ಚಿನದು. ನಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಅಂತ ನ­ಮಗನ್ನಿಸುತ್ತದೆ. ಅಷ್ಟು ಕಾಣುವುದಿಲ್ಲ. 2003ರಲ್ಲಿ ಸವಿತ್ಸ್ಕಿ ಮತ್ತು ಗಿಲೋವಿಚ್ ಅನ್ನುವವರು ಭಾಷಣ ಮಾಡಲಿದ್ದ ಕೆಲವು ವಿದ್ಯಾರ್ಥಿಗಳಿಗೆ ಇದೊಂದು ಮಾತನ್ನು ಮೊದಲೇ ತಿಳಿಸಿದರು. ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು, ಕೇಳಿದವರೂ ಹಾಗೇ ಹೇಳಿದರು. ಒಂದೇ ಒಂದು ಮಾತು! ಒಳಗೆ ಡೊಳ್ಳು ಬಡಿಯುತ್ತಿದ್ದರೂ ಹೊರಗೆ ಕೇಳಿಸುವುದಿಲ್ಲ ಮಗಾ, ಅಂತ.

ಇನ್ನು ದೊಡ್ಡವರ ಪಾಲಿನದು. ಹಿಂದಿನ ದಿನವೇ ಮಗುವನ್ನು ವೇದಿಕೆ ಹತ್ತಿಸಿ, ಮೈಕಿನಲ್ಲಿ ಅದರ ಧ್ವನಿ ಅದಕ್ಕೇ ಕೇಳಿಸಿ. ಸ್ಪೀಕರಿನಿಂದ ಬರುವ ತನ್ನದೇ ದನಿಗೆ ಬೆಚ್ಚಿ ನಿಂತ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಮರೆತರೆ ಏನು ಮಾಡಬೇಕು ಅಂತ ಮೊದಲೇ ಗೊತ್ತು ಮಾಡಿಡಿ: ಒಮ್ಮೆ ಉಸಿರು ಬಿಡು, ಬದಿಯಲ್ಲಿ ನಿಂತ ಟೀಚರನ್ನು ನೋಡು, ಅವರು ಸಾಲು ಎತ್ತಿಕೊಡುತ್ತಾರೆ. ಮತ್ತೆ, ದಯವಿಟ್ಟು ಆ ಮೊಬೈಲ್ ಇಳಿಸಿ. ಒಬ್ಬ ಅಪ್ಪ ಮೊಬೈಲ್ ಎತ್ತಿದರೆ ಮಗುವಿಗೆ ಕಾಣುವುದು ಅಪ್ಪನ ಮುಖವಲ್ಲ, ಮುಖ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಹಲಗೆ. ಟ್ರಿಯರ್ ಪರೀಕ್ಷೆಯ ನಗದ ಮುಖಗಳಿಗೂ ಇದಕ್ಕೂ ಏನು ವ್ಯತ್ಯಾಸ? ಮೇಲಿಂದ ಅದು ರಾತ್ರಿಯೊಳಗೆ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ ಅಂತ ಎಂಟು ವರ್ಷದವರಿಗೂ ಗೊತ್ತು.

ಎಲ್ಲ ಭಯವೂ ಹೀಗೆ ಮೆಟ್ಟಿಲಿಗೆ ಬಗ್ಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸ್ಪರ್ಧೆಯ ದಿನದ ಹೊಟ್ಟೆನೋವು ಬೇರೆ. ಆರು ತಿಂಗಳಿಂದ ಮಗು ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಉತ್ತರಿಸುತ್ತಿಲ್ಲ, ಓರಗೆಯ ಮಕ್ಕಳ ಜೊತೆಯೂ ಬೆರೆಯುತ್ತಿಲ್ಲ, ಶಾಲೆ ಅಂದರೆ ಅಳು ಅಂತಾದರೆ ಅದು ಬೇರೆ. ಮನೆಯಲ್ಲಿ ಗಲಗಲ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಮಾತೂ ಆಡದಿದ್ದರೆ ಅದನ್ನು ಸೊಕ್ಕು ಅನ್ನಬೇಡಿ, ಅದಕ್ಕೂ ಚಿಕಿತ್ಸೆ ಇದೆ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ದೂರದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಮಾತ್ರೆಯ ವಿಷಯವನ್ನೂ ಕೆಲವರು ಕೇಳುತ್ತಾರೆ. ಪ್ರೊಪ್ರನೊಲಾಲ್ ಅಂತ ಒಂದಿದೆ, 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಎದೆನೋವಿಗೆಂದು ರೂಪಿಸಿದ್ದು, ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್ ಹೃದಯವನ್ನು, ಸ್ನಾಯುಗಳನ್ನು ಮುಟ್ಟದ ಹಾಗೆ ತಡೆಯುವುದರಿಂದ ಕೆಲವು ದೊಡ್ಡ ಸಂಗೀತಗಾರರು ಕೈನಡುಕಕ್ಕೆ ತೆಗೆದುಕೊಳ್ಳುತ್ತಾರೆ. ಅಸ್ತಮಾ ಇದ್ದವರಿಗೆ ಅದು ಅಪಾಯ. ಡಾಕ್ಟರು ಹೇಳದೆ ಮಕ್ಕಳ ಹತ್ತಿರ ಅದರ ಸುದ್ದಿಯೂ ಬೇಡ.

ಮೊನ್ನೆ ಹುಡುಗಿಯೇ ಫೋನ್ ಮಾಡಿದ್ದಳು. ಈ ವರ್ಷ ಕಂಠಪಾಠ ಬೇಡವಂತೆ, ಛದ್ಮವೇಷಕ್ಕೆ ಹೆಸರು ಕೊಟ್ಟಿದ್ದಾಳಂತೆ. ಏನು ವೇಷವೇ ಅಂತ ಕೇಳಿದೆ.

"ಉಂಬಳ ಅತ್ತೆ. ಅಜ್ಜಿ ಕಪ್ಪು ಗೋಣಿ ಹೊಲಿತಿದಾರೆ."

ಉಂಬಳ ಯಾಕೆ, ಕಿತ್ತೂರು ಚೆನ್ನಮ್ಮ ಆಗಬಹುದಿತ್ತಲ್ಲ ಅಂದೆ.

"ಉಂಬಳಕ್ಕೆ ಕಾಲೇ ಇಲ್ವಲ್ಲ ಅತ್ತೆ, ನಡುಗಿದ್ರೂ ಯಾರಿಗೂ ಗೊತ್ತಾಗಲ್ಲ."